ಎಂಟನೇ ಕ್ಲಾಸಿನ ಒಕ್ಕಣೆ

"ಎತ್ತೋ ಇದನ್ನ! ಈಗಿಂದೀಗ್ಲೇ ಎತ್ತು! ಇಲ್ದಿದ್ರೆ ಬೆಂಕಿ ಕಡ್ಡಿ ಗೀರ್ತೀನಿ, ನೋಡ್ತಾ ಇರು!"

"ಗೀರಿ ಮೇಷ್ಟ್ರೇ, ಗೀರಿ. ನಿಮ್ಮ ಪ್ಯಾಂಟಿಗೆ ಅತ್ಕೊಂಡ್ರೆ ಆರ್ಸಕ್ಕೆ ನಾನಂತೂ ಬರಾಕಿಲ್ಲ."

"ಇದು ಸ್ಕೂಲ್ ಗ್ರೌಂಡು ಕಣಯ್ಯಾ! ನಿಮ್ಮಪ್ಪನ ಕಣ ಅಲ್ಲ!"

"ನಮ್ಮಪ್ಪಂದೇ ಕಣ. ನೀವು ಉಟ್ಟೋ ಮುಂಚೆ ಇಲ್ಲಿ ಎತ್ತು ತುಳೀತಿದ್ವು. ನಿಮ್ಮ ಇಸ್ಕೂಲು ನೆನ್ನೆ ಮೊನ್ನೆ ಬಂದಿದ್ದು."

ಬೂದಿಗುಟ್ಟೆ ಸರ್ಕಾರಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಗೋಪಾಲಪ್ಪನ ಮುಖ ಬೆಳಿಗ್ಗೆಯೇ ಕಾದ ಹಂಚಿನಂತಾಗಿತ್ತು. ಹಿಂದಿನ ಸಂಜೆ ಸೊಂಟ ಬಗ್ಗಿಸಿ ಸುಣ್ಣದ ಪುಡಿಯಲ್ಲಿ ಅವನೇ ಎಳೆದಿದ್ದ ಓಟದ ಗೆರೆಗಳು ಈಗ ಕಾಣುತ್ತಿರಲಿಲ್ಲ. ಅವುಗಳ ಮೇಲೆ, ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಣಗಿದ ಹುರುಳಿ ಗಿಡ ಮಲಗಿತ್ತು. ಹುರುಳಿಯ ಯಜಮಾನ ಚಿಕ್ಕಮುನಿಯಪ್ಪ ಬೀಡಿ ಹಚ್ಚಿಕೊಂಡು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

"ರೋಡಿಗೆ ಹಾಕ್ಬಾರ್ದೇನಯ್ಯಾ? ಎಲ್ಲರೂ ರೋಡಲ್ಲಿ ತಾನೆ ಹಾಕೋದು? ಲಾರಿ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತೆ."

"ಓದ್ ವರ್ಸ ಸ್ಕೂಟರ್ನೋನೊಬ್ಬ ಅದ್ರ ಮ್ಯಾಲೆ ಜಾರಿ ಸತ್ನಲ್ಲ. ಈಗ ಪೋಲೀಸ್ನೋರು ಬಿಡಾಕಿಲ್ಲ. ಎತ್ತು ಮಾರ್ಬುಟ್ಟೆ. ಒಲ ಫ್ಯಾಕ್ಟ್ರಿಗೋಯ್ತು, ಮುಂದಿನ್ ತಿಂಗ್ಳು ಕಾಂಪೌಂಡ್ ಕಟ್ತಾರೆ. ಇದೇ ಕೊನೇ ಬೆಳೆ. ಈಗ ಎತ್ತಿದ್ರೆ ಕಾಯೆಲ್ಲ ಸಿಡಿದು ಮಣ್ಣಾಗೋಯ್ತದೆ. ನಾನು ಎತ್ತಾಕಿಲ್ಲ."

ಜಿಗಣಿಯ ಸುತ್ತಮುತ್ತ ಆ ವರ್ಷ ಎಲ್ಲ ಮನೆಯಲ್ಲೂ ಇದೇ ಮಾತು. ಸರ್ಕಾರದವರು ಗಡಿಕಲ್ಲು ನೆಟ್ಟು ಹೋಗಿದ್ದರು. ಹೊಲ ಹೋದವರು ಎತ್ತು ಮಾರಿದರು, ಎತ್ತು ಮಾರಿದವರು ರೇಡಿಯೋ ತಂದರು. ರೇಡಿಯೋ ಹುರುಳಿ ತುಳಿಯುವುದಿಲ್ಲ.

ಗೋಪಾಲಪ್ಪನಿಗೆ ಇದ್ಯಾವುದೂ ಬೇಕಿರಲಿಲ್ಲ. ಆ ಮಧ್ಯಾಹ್ನ ಇಲಾಖೆಯ ದೈಹಿಕ ಶಿಕ್ಷಣದ ಇನ್‌ಸ್ಪೆಕ್ಟರು ಶ್ಯಾಮಸುಂದರ ಬರುವವರಿದ್ದರು. ಬಯಲಿಲ್ಲದ ಶಾಲೆಗೆ ಡ್ರಿಲ್ ಮೇಷ್ಟ್ರು ಯಾಕೆ ಎಂಬುದು ಇಲಾಖೆಗೆ ಹೊಸದಾಗಿ ಹೊಳೆದ ಪ್ರಶ್ನೆ. ಬಯಲಿದ್ದು ಮಕ್ಕಳು ಓಡುತ್ತಿದ್ದರೆ ಹುದ್ದೆ ಉಳಿಯುತ್ತದೆ. ಇಲ್ಲದಿದ್ದರೆ ಮೇಷ್ಟ್ರಿಗೆ ವರ್ಗ, ಅದೂ ಕನಕಪುರದ ಆಚೆ, ಮಕ್ಕಳಿಗಿಂತ ಆನೆಗಳೇ ತಪ್ಪದೆ ಶಾಲೆಗೆ ಬರುವ ಕಡೆಗೆ.

ಆನೆಗೆ ಅವನು ಹೆದರುವವನಲ್ಲ. ಅವನಿಗಿದ್ದದ್ದು ಹೆಂಡತಿ ಭಾಗ್ಯಮ್ಮನ ಚಿಂತೆ. ಅವಳ ಗಂಟಲಿನಲ್ಲಿ ಗೆಡ್ಡೆ ಎದ್ದಿತ್ತು. ವಾರವಾರವೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಒಂದು ವಾರ ತಪ್ಪಿದರೂ ತಾನು ಹೊಣೆಯಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬೂದಿಗುಟ್ಟೆಯಲ್ಲಿ ಬಸ್ಸು ಶಾಲೆಯ ಮುಂದೆಯೇ ನಿಲ್ಲುತ್ತದೆ. ಆ ಕಾಡಿನ ಊರಿನಿಂದ ಬಸ್ಸು ಹಿಡಿಯುವುದಕ್ಕೇ ಅರ್ಧ ದಿನ ನಡೆಯಬೇಕು. ಭಾಗ್ಯಮ್ಮ ಮನೆಯಿಂದ ಬಸ್ಸಿನವರೆಗೆ ನಡೆಯುವಷ್ಟರಲ್ಲೇ ಎರಡು ಸಲ ಕೂರುತ್ತಿದ್ದಳು.

ಅವನು ಹೆಡ್‌ಮಾಸ್ಟರ ಬಳಿ ಓಡಿದ. ಹೆಡ್‌ಮಾಸ್ಟರು ವೆಂಕಟಸುಬ್ಬಯ್ಯ ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ತ್ರಿಕೋನ ಎಳೆಯುತ್ತಿದ್ದರು.

"ಸಾರ್, ಈ ಹುಡುಗರನ್ನ ಕೊಡಿ. ಹುರುಳಿ ಎತ್ತಿಸಿ ಓಡಿಸ್ಬೇಕು. ಓಡೋರೆಲ್ಲ ಇದೇ ಕ್ಲಾಸಲ್ಲಿದ್ದಾರೆ."

"ಓಡೋರೆಲ್ಲ ಮೂರು ವರ್ಷದಿಂದ ಇದೇ ಕ್ಲಾಸಲ್ಲಿದ್ದಾರೆ ಕಣ್ರೀ, ಅದೇ ನನ್ನ ಕಷ್ಟ! ಹೋದ ಸಲ ನಮ್ಮ ರಿಸಲ್ಟ್ ಎಷ್ಟು ಗೊತ್ತೇನ್ರೀ? ಗೊತ್ತಿದ್ರೂ ಗಟ್ಟಿಯಾಗಿ ಹೇಳ್ಬೇಡಿ."

"ನನ್ನನ್ನ ವರ್ಗ ಮಾಡ್ತಾರೆ ಸಾರ್."

"ನೀವು ಹೋದ್ರೆ ಡ್ರಿಲ್ ಪೀರಿಯಡ್ಡೆಲ್ಲ ಗಣಿತಕ್ಕೆ ಸಿಗುತ್ತೆ. ನಾನು ಕೆಟ್ಟೋನಲ್ಲ ಗೋಪಾಲಪ್ಪ, ಇರೋದನ್ನ ಹೇಳ್ದೆ. ಬೇಕಾದ್ರೆ ಎಂಟನೇ ಕ್ಲಾಸ್ ತಗೊಂಡ್ ಹೋಗಿ."

ಎಂಟನೇ ಕ್ಲಾಸೆಂದರೆ ಚಡ್ಡಿ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಓಡುವ ಜನ. ಅವರನ್ನೇ ಸಾಲಾಗಿ ಕರೆದುಕೊಂಡು ಗೋಪಾಲಪ್ಪ ಬಯಲಿಗೆ ಬಂದ. ಅಷ್ಟರಲ್ಲಿ ಚಿಕ್ಕಮುನಿಯಪ್ಪನ ಹೆಂಡತಿ ಅಂಜನಮ್ಮ ಮೊರ, ಪೊರಕೆ ಹೊತ್ತು ಬಂದಿದ್ದಳು. ಎರಡೂ ಕಡೆಯ ಕೂಗಾಟ ಸ್ವಲ್ಪ ಹೊತ್ತು ಕೇಳಿ, ಸೆರಗು ಸಿಕ್ಕಿಸಿಕೊಂಡು ನಡುವೆ ನಿಂತಳು.

"ಯಾಕ್ ಸಾಮಿ ಬಾಯಿ ನೋಯಿಸ್ಕತೀರಾ? ನಿಮಗೆ ಮಕ್ಳು ಓಡ್ಬೇಕು, ನಮಗೆ ಉರುಳಿ ತುಳೀಬೇಕು. ಇದ್ರ ಮ್ಯಾಲೇ ಓಡ್ಸಿ. ಮದ್ಯಾನ್ದೊಳಗೆ ಕಾಳು ಬಿದ್ದೋಯ್ತದೆ. ಕಸ ಗುಡ್ಸಿ ನಿಮ್ಮ ಗೆರೆ ನಿಮಗೆ ಬುಟ್ಕೊಡ್ತೀನಿ."

ಗೋಪಾಲಪ್ಪ ಆಕಾಶ ನೋಡಿದ. ಅಲ್ಲಿ ಯಾರೂ ಬೇರೆ ಉಪಾಯ ಹೇಳಲಿಲ್ಲ. ಮಕ್ಕಳ ಕಡೆ ತಿರುಗಿ ಸೀಟಿ ಊದಿದ.

ಮೊದಲ ಸುತ್ತು ಮಕ್ಕಳಿಗೆ ಖುಷಿಯಾಯಿತು. ಬರಿಗಾಲಿನ ಕೆಳಗೆ ಕಾಯಿಗಳು ಚಟಪಟ ಸಿಡಿದವು. ಎರಡನೇ ಸುತ್ತಿಗೆ ದೂಳೆದ್ದಿತು. ಮೂರನೇ ಸುತ್ತಿಗೆ ತುರಿಕೆ ಶುರುವಾಯಿತು. ಹುರುಳಿ ದೂಳು ಬೆವರಿಗೆ ಅಂಟಿದರೆ ಮೈಯೊಳಗೆ ಇರುವೆ ಬಿಟ್ಟಂತೆ. ಮಕ್ಕಳು ಒಂದು ಕೈಯಲ್ಲಿ ಚಡ್ಡಿ ಹಿಡಿದು, ಇನ್ನೊಂದು ಕೈಯಲ್ಲಿ ಬೆನ್ನು ಕೆರೆದುಕೊಳ್ಳುತ್ತ, ಕೆಮ್ಮುತ್ತ ಓಡಿದರು. ಅಂಥ ಓಟ ಯಾವ ಕ್ರೀಡಾಕೂಟದಲ್ಲೂ ನಡೆದಿರಲಾರದು.

ಸುತ್ತು ಎರಡಾಗುವಷ್ಟರಲ್ಲೇ ಮೇಷ್ಟ್ರುತನ ಅಂಜನಮ್ಮನ ಕೈಗೆ ಹೋಗಿತ್ತು.

"ಏಯ್, ಆ ಮೂಲೇಲಿ ತುಳೀರೋ, ಅಲ್ಲಿ ಇನ್ನೂ ಕಾಯಿ ಅಂಗೇ ಅವೆ! ಮೇಷ್ಟ್ರೇ, ಆ ಉಡುಗಿ ಒಸಿ ಭಾರ ಅವ್ಳೆ, ಅವ್ಳನ್ನ ನಡೂಕೆ ಬುಡಿ. ಈ ಸಣಕಲು ಐಕ್ಳನ್ನ ಇಟ್ಕೊಂಡು ಏನ್ ಮಾಡ್ತೀರಾ? ಇವು ಓಡಿದ್ರೆ ಸೊಪ್ಪೂ ಅಲ್ಲಾಡಾಕಿಲ್ಲ!"

ಸುದ್ದಿ ಊರಿಗೆ ತಲುಪಿತು. ಎತ್ತು ಮಾರಿದವನು ಚಿಕ್ಕಮುನಿಯಪ್ಪ ಒಬ್ಬನೇ ಅಲ್ಲವಲ್ಲ. ಅವನ ಅಣ್ಣ ದೊಡ್ಡಮುನಿಯಪ್ಪ ತೊಗರಿ ಹೊರೆ ತಂದು ಹಾಕಿದ. ಹಿಂದೆಯೇ ಮಾರಕ್ಕ ಅವರೆ ಗಿಡ ತಂದಳು.

"ರೀ, ಏನ್ರೀ ಇದು! ಇದು ಸ್ಕೂಲು!" ಗೋಪಾಲಪ್ಪ ಕಿರುಚಿದ.

"ಅವ್ರ ಉರುಳಿಗೆ ಒಂದು ನ್ಯಾಯ, ನನ್ನ ಅವರೇಗೆ ಒಂದು ನ್ಯಾಯಾನಾ ಮೇಷ್ಟ್ರೇ? ನಮ್ಮ ಮೊಮ್ಮಗಾನೂ ಇದೇ ಇಸ್ಕೂಲಲ್ಲೇ ಅವ್ನೆ. ಅವ್ನು ಅವ್ರುದ್ದು ತುಳೀಬೈದು, ನಮ್ಮುದ್ದು ತುಳೀಬಾರ್ದಾ?"

ಗಲಾಟೆ ಕೇಳಿ ಹತ್ತನೇ ಕ್ಲಾಸು ಕಿಟಕಿಯಲ್ಲಿ ತಲೆ ಹಾಕಿತು. ಆ ಕಿಟಕಿಗೆ ಸರಳಿರಲಿಲ್ಲ. ಸರಳಿಗೆಂದು ಮಂಜೂರಾದ ಕಬ್ಬಿಣ ಯಾರ ಮನೆಯ ಬಾಗಿಲಾಯಿತೆಂದು ಇಲ್ಲಿ ಬರೆದರೆ ನಾಳೆ ನನ್ನ ಮನೆ ಬಾಗಿಲು ಮುರಿಯುತ್ತಾರೆ. ವೆಂಕಟಸುಬ್ಬಯ್ಯನವರು ತ್ರಿಕೋನದ ಮೂರನೇ ಬಾಹು ಎಳೆದು ತಿರುಗಿದಾಗ ಕ್ಲಾಸಿನಲ್ಲಿ ಉಳಿದಿದ್ದವನು ಒಬ್ಬನೇ. ಅವನು ನಿದ್ದೆ ಮಾಡುತ್ತಿದ್ದ.

ಹೆಡ್‌ಮಾಸ್ಟರು ಬೆತ್ತ ಹಿಡಿದು ಬಯಲಿಗೆ ನುಗ್ಗಿದರು.

"ಕತ್ತೆಗಳಾ! ಪರೀಕ್ಷೆ ಇಟ್ಕೊಂಡು—"

"ಮೆಟ್ಟು ಬಿಡಿ ಸಾಮಿ!" ಅಂಜನಮ್ಮ ಅವರಿಗಿಂತ ಜೋರಾಗಿ ಅರಚಿದಳು. "ಕಣಕ್ಕೆ ಮೆಟ್ಟು ಮೆಟ್ಕೊಂಡು ಬತ್ತಾರಾ ಯಾರಾದ್ರೂ? ಓದ್ದೋರಿಗೆ ಇಷ್ಟೂ ತಿಳೀಯಾಕಿಲ್ವಾ?"

ವೆಂಕಟಸುಬ್ಬಯ್ಯನವರು ಬೆಚ್ಚಿ ಚಪ್ಪಲಿ ಬಿಟ್ಟರು. ಬಿಟ್ಟು ಇಟ್ಟ ಮೊದಲ ಹೆಜ್ಜೆಯೇ ತೊಗರಿಯ ಮೋಟಿನ ಮೇಲೆ ಬಿತ್ತು. "ಅಯ್ಯಪ್ಪಾ!" ಎಂದು ಒಂಟಿ ಕಾಲಲ್ಲಿ ಕುಣಿಯತೊಡಗಿದರು. ಅದೇ ಹೊತ್ತಿಗೆ ಗೇಟಿನ ಬಳಿ ಜೀಪಿನ ಸದ್ದಾಯಿತು.

ಇನ್‌ಸ್ಪೆಕ್ಟರು ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದರು.

"ಓಡಿ! ಎಲ್ಲರೂ ಓಡಿ!" ಗೋಪಾಲಪ್ಪ ದಿಕ್ಕು ತಪ್ಪಿ ಕೂಗಿದ. ಮಕ್ಕಳು ಓಡಿದರು. ಹತ್ತನೇ ಕ್ಲಾಸು ಓಡಿತು. ಗಾಬರಿಯಲ್ಲಿ ಹೆಡ್‌ಮಾಸ್ಟರೂ ಪಂಚೆ ಎತ್ತಿ ಹಿಡಿದು, ಕುಂಟುತ್ತ, ಎಂಟನೇ ಕ್ಲಾಸಿನ ಹಿಂದೆ ಓಡಿದರು.

ಸಫಾರಿ ಸೂಟು, ಕಪ್ಪು ಕನ್ನಡಕದ ಶ್ಯಾಮಸುಂದರ ಬಯಲಿನ ಅಂಚಿಗೆ ಬಂದು ನಿಂತರು. ದೂಳು ಕೆಳಗಿಳಿಯುವವರೆಗೆ ಕಾದರು.

"ಏನ್ರೀ ಇದು?"

"ಓಟ ಸಾರ್. ಕಾಲಿಗೆ ಶಕ್ತಿ ಬರ್ಲಿ ಅಂತ... ಹುರುಳಿ ಮೇಲೆ..."

"ಸರ್ಕಾರಿ ಶಾಲೆ ಮಕ್ಕಳನ್ನ ಎತ್ತು ಮಾಡ್ಕೊಂಡಿದೀರಾ?"

ಗೋಪಾಲಪ್ಪನ ಕಣ್ಣ ಮುಂದೆ ಭಾಗ್ಯಮ್ಮ ಯಾವುದೋ ಕಾಡು ದಾರಿಯಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಅಷ್ಟರಲ್ಲಿ ಚಿಕ್ಕಮುನಿಯಪ್ಪ ಬೀಡಿ ಬಿಸಾಕಿ ಎದ್ದ.

"ಮಾಡ್ಕೊಂಡ್ರೆ ಏನ್ ಸಾಮಿ? ನಮ್ಮೂರಲ್ಲಿ ಎತ್ತಿಲ್ಲ, ಒಲಾನೂ ಇಲ್ಲ. ಈ ಮೇಷ್ಟ್ರು ಇಲ್ದಿದ್ರೆ ನನ್ನ ಕೊನೇ ಬೆಳೆ ಇಲ್ಲೇ ಕೊಳೀತಿತ್ತು. ಇಂತಾ ಪುಣ್ಯಾತ್ಮನ್ನ ನೀವು ಬೈಯ್ಯಂಗಿಲ್ಲ."

ಶ್ಯಾಮಸುಂದರ ಕನ್ನಡಕ ತೆಗೆದರು. ಬಗ್ಗಿ ಬೂಟಿನ ದಾರ ಬಿಚ್ಚಿದರು. ಕಾಲುಚೀಲವನ್ನೂ ಕಳಚಿಟ್ಟು, ಕಣದೊಳಗೆ ಬಂದು, ಒಂದು ಕಾಯಿ ಬಿಡಿಸಿ ಕಾಳು ಬಾಯಿಗೆ ಹಾಕಿಕೊಂಡರು.

"ಕಣ ತುಳಿದು ಎಷ್ಟು ವರ್ಷ ಆಯ್ತ್ರೀ!" ಎಂದವರೇ ಹುರುಳಿಯ ಮೇಲೆ ಗುಡುಗುಡು ಒಂದು ಸುತ್ತು ಹಾಕಿಬಿಟ್ಟರು. ಅಂಜನಮ್ಮ, "ಅಂಗೆ! ಇದು ತುಳಿಯೋ ಕಾಲು! ಇನ್ನೊಂದ್ ಸುತ್ತು ಬನ್ನಿ ಸಾಮಿ!" ಎಂದು ಹುರಿದುಂಬಿಸಿದಳು.

ಅಲ್ಲಿಂದ ಗೋಪಾಲಪ್ಪನಿಗೆ ಹೊಗಳಿಕೆಯ ಮಳೆ. ಅವನು ಊರಿಗೇ ಬೇಕಾದ ಮನುಷ್ಯ ಎಂದಳು ಮಾರಕ್ಕ. ವೆಂಕಟಸುಬ್ಬಯ್ಯನವರು, ಪಂಚೆ ಎತ್ತಿ ಓಡಿದ್ದನ್ನು ಹೇಗಾದರೂ ಮುಚ್ಚಬೇಕಾಗಿತ್ತೋ ಅಥವಾ ನಿಜವಾಗಿ ಮನಸ್ಸು ಕರಗಿತ್ತೋ, "ಇಂಥ ಮೇಷ್ಟ್ರನ್ನ ನನ್ನ ಸರ್ವಿಸಲ್ಲೇ ಕಂಡಿಲ್ಲ ಸಾರ್. ನೋಡಿ, ಹೆಡ್‌ಮಾಸ್ಟರನ್ನೂ ಓಡಿಸ್ತಾರೆ" ಎಂದರು.

"ಅಲ್ರೀ ಗೋಪಾಲಪ್ಪ, ಗ್ರೌಂಡೇ ಇಲ್ದಿದ್ರೆ ಏನ್ ಮಾಡ್ತೀರಿ?" ಎಂದು ಕೇಳಿದರು ಶ್ಯಾಮಸುಂದರ.

ಅಷ್ಟು ವರ್ಷದಲ್ಲಿ ಯಾರೂ ಅವನನ್ನು ಹೊಗಳಿರಲಿಲ್ಲ. ಅಭ್ಯಾಸವಿಲ್ಲದ ಗೋಪಾಲಪ್ಪನಿಗೆ ನೆತ್ತಿಗೇರಿತು. ಎದೆ ಉಬ್ಬಿಸಿದ.

"ಬಂಡೆ ಮೇಲೆ ನಿಲ್ಸಿ ಸಾರ್, ಓಡಿಸ್ತೀನಿ. ಕೊಚ್ಚೆಗೆ ಬಿಡಿ, ಅಲ್ಲೂ ಓಡಿಸ್ತೀನಿ. ಮಕ್ಕಳಿದ್ರೆ ಸಾಕು."

"ಭೇಷ್! ಈ ಶಾಲೆ ಹುದ್ದೆ ತೆಗೆಯೋ ಮಾತೇ ಇಲ್ಲ. ನಾನೇ ನಿಂತು ಉಳಿಸ್ತೀನಿ."

ಗೋಪಾಲಪ್ಪನಿಗೆ ಅಲ್ಲೇ ಅಳು ಬಂತು. ದೂಳು ಬಿತ್ತೆಂದು ಕಣ್ಣುಜ್ಜಿಕೊಂಡ. ಇನ್‌ಸ್ಪೆಕ್ಟರಿಗೆ ಗೌರವ ಕೊಡಲು ಮಕ್ಕಳನ್ನೆಲ್ಲ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, "ಸಾವಧಾನ್!" ಎಂದು ಕೂಗಿದ. ಮಕ್ಕಳು ಕೈ ಇಳಿಬಿಟ್ಟು ಕಂಬದಂತೆ ನಿಂತರು. ಹಾಗೆಯೇ ಅವರನ್ನು ಬಿಟ್ಟು, ಕಾಫಿಗೆಂದು ಹೆಡ್‌ಮಾಸ್ಟರ ರೂಮಿಗೆ ಹೋದ. ಊರಿನವರೂ ಬಾಗಿಲಲ್ಲಿ ಬಂದು ನಿಂತರು.

ಶ್ಯಾಮಸುಂದರ ಕಾಫಿ ಹೀರಿ ಕಪ್ಪು ಕೆಳಗಿಟ್ಟರು.

"ಗೋಪಾಲಪ್ಪ, ಸೋಮವಾರ ಹೊರಡಿ. ಕನಕಪುರದ ಆಚೆ ಕಾಡಂಚಲ್ಲಿ ಹೊಸ ಹೈಸ್ಕೂಲಿದೆ. ಗ್ರೌಂಡಿಲ್ಲ. ಊರಿನೋರು ಮಕ್ಕಳನ್ನ ಕಳಿಸಲ್ಲ. ಕಳಿಸಿದ ಮೇಷ್ಟ್ರೆಲ್ಲ ಓಡಿಬಂದ್ರು. ಯಾರನ್ನ ಹಾಕೋದು ಅಂತ ತಲೆ ಕೆಟ್ಟಿತ್ತು. ಇವತ್ತು ಸಿಕ್ಕಿದ್ರಿ ನೋಡಿ."

"ಸಾರ್... ಹುದ್ದೆ ಉಳೀತು ಅಂದ್ರಿ?"

"ಉಳೀತಲ್ಲ! ಇಲ್ಲಿಗೆ ಬೇರೆಯೋರನ್ನ ಹಾಕ್ತೀನಿ. ಇಷ್ಟು ಒಳ್ಳೆ ಊರಲ್ಲಿ ಯಾರು ಬೇಕಾದ್ರೂ ಕೆಲಸ ಮಾಡ್ತಾರೆ. ಇಲ್ಲಿ ನೀವು ದಂಡ."

"ನನ್ನ ಹೆಂಡ್ತಿಗೆ ಹುಷಾರಿಲ್ಲ ಸಾರ್. ವಾರವಾರ ಬೆಂಗಳೂರಿಗೆ—"

"ಅಲ್ಲಿ ನಾಟಿ ವೈದ್ಯರು ಚೆನ್ನಾಗಿದಾರಂತೆ. ಗಾಳಿಯೂ ಒಳ್ಳೇದು."

ವೆಂಕಟಸುಬ್ಬಯ್ಯನವರು ಎದ್ದು ನಿಂತರು. "ಸಾರ್, ಆಗ ನಾನು ಹೇಳಿದ್ದು ಸ್ವಲ್ಪ ಜಾಸ್ತಿಯಾಯ್ತು. ಇವರು ಅಷ್ಟೇನೂ ಒಳ್ಳೆ ಮೇಷ್ಟ್ರಲ್ಲ. ಪೀರಿಯಡ್ಡಿಗೂ ಸರಿಯಾಗಿ ಬರಲ್ಲ."

"ಔದು ಸಾಮಿ," ಚಿಕ್ಕಮುನಿಯಪ್ಪ ಬಾಗಿಲಿಂದ ಕೂಗಿದ. "ಸುದ್ಧ ದಂಡಪಿಂಡ! ಬಾಯಿ ಬಿಟ್ರೆ ಬೈಗ್ಳು! ಇಂತೋನ್ನ ಯಾರೂರಿಗೂ ಕಳಿಸ್ಬ್ಯಾಡಿ, ನಾವೇ ಎಂಗೋ ಸಯಿಸ್ಕತೀವಿ!"

"ಐಕ್ಳಿಗೆ ಓಡಾಕೇ ಬರಾಕಿಲ್ಲ, ನಾನೇ ಯೋಳ್ಕೊಟ್ಟಿದ್ದು!" ಎಂದಳು ಅಂಜನಮ್ಮ.

ಶ್ಯಾಮಸುಂದರ ತೊಡೆ ತಟ್ಟಿ ನಕ್ಕರು. "ನೋಡಿದ್ರಾ? ನಿಮ್ಮನ್ನ ಉಳಿಸ್ಕೊಳ್ಳೋಕೆ ಊರಿಗೆ ಊರೇ ಸುಳ್ಳು ಹೇಳ್ತಿದೆ. ಇಂಥ ಮನುಷ್ಯ ಅಲ್ಲಿಗೇ ಬೇಕು ಕಣ್ರೀ! ಇನ್ನು ಮಾತಿಲ್ಲ."

ಗೋಪಾಲಪ್ಪ ಕೂತಿದ್ದ ಕುರ್ಚಿಯಿಂದ ಎದ್ದ. ಯಾರನ್ನೂ ಬೈಯಲಿಲ್ಲ. ಅವನು ಬೈಯದೆ ಎದ್ದದ್ದು ನೋಡಿ ಚಿಕ್ಕಮುನಿಯಪ್ಪ ಹೆದರಿ ದಾರಿ ಬಿಟ್ಟ.

"ಎಲ್ಲಿಗೆ ಗೋಪಾಲಪ್ಪ? ಕಾಫಿ ಕುಡಿದು ಹೋಗಿ," ಎಂದರು ಇನ್‌ಸ್ಪೆಕ್ಟರು. "ರೀ ಗೋಪಾಲಪ್ಪ, ನಿಲ್ರೀ," ಎಂದು ಹೆಡ್‌ಮಾಸ್ಟರು ಬರಿಗಾಲಲ್ಲೇ ಮೆಟ್ಟಿಲವರೆಗೆ ಹೋದರು. ಅವನು ತಿರುಗಲಿಲ್ಲ. ಬಯಲಿನ ಪಕ್ಕದಲ್ಲೇ ನಡೆದು ಗೇಟು ದಾಟಿದ. ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಬಸ್ಸು ಬಂತು, ನಿಂತಿತು, ಹೋಯಿತು. ಆಮೇಲೆ ಅಲ್ಲಿ ಯಾರೂ ನಿಂತಿರಲಿಲ್ಲ.

ಆ ಶಾಲೆಗೆ ಅವನು ಮತ್ತೆ ಬರಲಿಲ್ಲ. ಕಾಡಿನ ಶಾಲೆಗೂ ಹೋಗಲಿಲ್ಲ.

ಬಯಲಿನಲ್ಲಿ ಮಕ್ಕಳು ಸಾವಧಾನದಲ್ಲೇ ನಿಂತಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ಮೈಯೆಲ್ಲ ತುರಿಸುತ್ತಿತ್ತು. ವಿಶ್ರಾಮ್ ಎನ್ನುವವರು ಬರುವ ತನಕ ಕೆರೆದುಕೊಳ್ಳುವ ಹಾಗಿರಲಿಲ್ಲ.