ಮಾವನವರ ತಲೆಯ ಮೇಲಿನ ನೀರು

ಹೆಣ್ಣು ಕೊಟ್ಟ ಮಾವನನ್ನು ವಾದದಲ್ಲಿ ಗೆದ್ದ ಅಳಿಯ ಎಲ್ಲಾದರೂ ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಅವನು ನಾನಲ್ಲ. ಆದರೆ ಒಂದು ಭಾನುವಾರ ಮಧ್ಯಾಹ್ನ, ಯಲಹಂಕದ ಅವರ ಮನೆಯ ನಡುಮನೆಯಲ್ಲಿ, ನಾನು ಮಾವನವರನ್ನು ಓಟದಲ್ಲಿ ಗೆದ್ದೆ. ಆಗ ಅವರಿಗೆ ಎಪ್ಪತ್ತೆರಡು, ಜೊತೆಗೆ ಮಂಡಿನೋವು. ನನಗೆ ನಲವತ್ತನಾಲ್ಕು. ಇಷ್ಟಕ್ಕೇ ನೀವು ನಗುವುದು ಬೇಡ, ಪೂರ್ತಿ ಕೇಳಿ. ಕಚೇರಿಯಲ್ಲಿ ನಾನು ಸಭೆಗಳ ನಡಾವಳಿ ಬರೆಯುವವನು. ಯಾರು ಏನೆಂದರು, ಯಾರು ಯಾವಾಗ ಎದ್ದು ಹೋದರು ಎಂದು ಗುರುತು ಹಾಕಿಕೊಳ್ಳುವುದೇ ನನ್ನ ಕೆಲಸ. ಆದ್ದರಿಂದ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ನಾಗಸಂದ್ರಕ್ಕೆ ಮೆಟ್ರೊ ಬಂದ ವರ್ಷ. ಮಾವನವರು ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದ್ದರು. ಜಕ್ಕೂರಿನ ಬಾಡಿಗೆ ಮನೆ ಬಿಟ್ಟು ನಾವು ಅಲ್ಲಿಗೆ ಬರಬೇಕೆಂದು ಅವರ ಆಸೆ. ಮೂವತ್ತಾರು ವರ್ಷ ಮೇಷ್ಟರಾಗಿದ್ದವರ ಆಸೆಗೂ ಅಪ್ಪಣೆಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಒಳ್ಳೆಯ ಮನುಷ್ಯರು, ಅನುಮಾನವಿಲ್ಲ. ಆದರೆ ನಾನು ಮಡಚಿಟ್ಟ ಪತ್ರಿಕೆಯನ್ನು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ, ಮತ್ತೆ ಮಡಚುವವರು. ಜಕ್ಕೂರಿನಲ್ಲಿ ಅಡುಗೆಮನೆ ಚಿಕ್ಕದು, ತರಬೇತಿ ವಿಮಾನಗಳು ತಲೆಯ ಮೇಲೆಯೇ ಸುತ್ತುತ್ತವೆ. ಆದರೂ ಅಲ್ಲಿ ಪತ್ರಿಕೆಯನ್ನು ನನಗೆ ಬೇಕಾದ ಹಾಗೆ ಮುದ್ದೆ ಮಾಡಬಹುದು. ಒಂದು ವರ್ಷ ಈ ಮಾತು ಎಳೆದಾಡಿತು. ಹೆಂಡತಿ ಗಿರಿಜ ಯಾರ ಕಡೆಗೂ ಸೇರಲಿಲ್ಲ. "ನೀವಿಬ್ಬರೇ ತೀರ್ಮಾನ ಮಾಡ್ಕೊಳ್ಳಿ, ನಾನು ಗೆದ್ದೋರ ಜೊತೆ ಇರ್ತೀನಿ" ಎಂದುಬಿಟ್ಟಳು.

ಅವಳ ತಂಗಿ ಸುಮ ಆ ಮಾತನ್ನು ಹಿಡಿದುಕೊಂಡಳು. ಅವಳಿಗೆ ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ಕೆಲಸ. ಅಲ್ಲಿಗೆ ಬಂದುಹೋದ ಜಪಾನಿನ ಹೆಂಗಸೊಬ್ಬರು ಅವಳಿಗೊಂದು ಕಾರ್ಡಿನ ಆಟ ಕೊಟ್ಟಿದ್ದರು. ಆ ದೇಶದ ಹಳೆಯ ಕತೆಗಳ ಭೂತಗಳೆಲ್ಲ ಬೆಟ್ಟದ ಮೇಲಿನ ಗುಡಿಗೆ ಓಡುವ ಪಂದ್ಯ ಅದು. ಕಾರ್ಡಿನಲ್ಲಿ ಎಷ್ಟಿದೆಯೋ ಅಷ್ಟು ಮೆಟ್ಟಿಲು ಹತ್ತಬೇಕು. "ಗೆದ್ದೋರ ಮಾತೇ ಕೊನೇದು. ಆಮೇಲೆ ಯಾರೂ ಮನೆ ವಿಷಯ ಎತ್ತೋ ಹಾಗಿಲ್ಲ" ಎಂದು ಸುಮ ಇಬ್ಬರಿಂದಲೂ ಒಪ್ಪಿಗೆ ಪಡೆದಳು.

ನನ್ನ ಪಾಲಿಗೆ ಬಂದದ್ದು ಹಳೆಯ ಕೊಡೆಯ ಭೂತ. ಒಂದೇ ಕಾಲು, ಒಂದೇ ಕಣ್ಣು, ಕುಪ್ಪಳಿಸಿಕೊಂಡು ಹೋಗಬೇಕು. "ಭಾವ, ನಿಮಗೆ ಹೇಳಿ ಮಾಡಿಸಿದ ಹಾಗಿದೆ" ಎಂದಳು ಸುಮ. ಮಾವನವರು ಆರಿಸಿಕೊಂಡದ್ದು ಕಪ್ಪಾ. ಇದು ಹೊಳೆಯ ಭೂತ. ನೆತ್ತಿಯ ಮೇಲಿನ ತಗ್ಗಿನಲ್ಲಿ ನೀರು, ಶಕ್ತಿಯೆಲ್ಲ ಆ ನೀರಿನಲ್ಲಿ. ಎಲ್ಲರಿಗಿಂತ ವೇಗ, ಆದರೆ ಮಹಾ ಮರ್ಯಾದಸ್ಥ. ಎದುರಾಳಿ 'ವಂದನೆ' ಕಾರ್ಡು ಹಾಕಿದಾಗ ಕಪ್ಪಾ ಆಡುವವರು ತಲೆ ಬಾಗಿಸಿದರೆ ನೀರು ಚೆಲ್ಲಿ ಓಟ ಅಲ್ಲಿಗೇ ಮುಗಿಯಿತು. ಬಾಗಿಸದೆ ತಮ್ಮ ಮುಂದಿನ ಕಾರ್ಡು ಹಾಕಿದರೆ ಬಚಾವು.

"ಬಗ್ಗಿದ್ರೆ ತಾನೇ?" ಎಂದರು ಮಾವನವರು. "ಈ ಮನೇಲಿ ಎಲ್ಲರೂ ನನಗೆ ನಮಸ್ಕಾರ ಮಾಡೋರೇ. ನಾನು ಬಗ್ಗೋದು ಯಾರಿಗೆ? ಧಾರಾಳವಾಗಿ ಹಾಕಿ ಅಳಿಯಂದ್ರೇ."

ಅರ್ಧ ಗಂಟೆಯಲ್ಲಿ ಅವರಿಗೆ ಗುಡಿ ಮೂರೇ ಮೆಟ್ಟಿಲು ದೂರ. ನನಗೆ ಇನ್ನೂ ಹನ್ನೆರಡು. ಮನಸ್ಸಿನಲ್ಲೇ ನಾನು ಸಾಮಾನು ಕಟ್ಟತೊಡಗಿದ್ದೆ. ಕೈಯಲ್ಲಿ ವಂದನೆಯ ಕಾರ್ಡೊಂದು ಉಳಿದಿತ್ತು. "ವಂದನೆ" ಎಂದು ಹೇಳಿ ಅವಸರದಲ್ಲಿ ಹಾಕಲು ಹೋದೆ. ಕಾರ್ಡು ಟೀಪಾಯಿಯ ಅಂಚಿನಿಂದ ಜಾರಿ ಕೆಳಗೆ ಬಿತ್ತು. ಅದೇ ಹೊತ್ತಿಗೆ ಮಾವನವರು ಮಂಡಿ ಹಿಡಿಯಿತೆಂದು ಬಲಗಾಲು ಚಾಚಿದರು. ಹಿಮ್ಮಡಿ ಕಾರ್ಡಿನ ಮೇಲೆ ಬಿತ್ತು.

ಮುಂದಿನದನ್ನು ನಾನು ಬಹಳ ಎಚ್ಚರದಿಂದ ಬರೆಯುತ್ತಿದ್ದೇನೆ. ಕಾಲಿಗೆ ಕಾಗದ ತಗುಲಿದ್ದು ತಿಳಿದದ್ದೇ ಮಾವನವರು ಕಾಲು ಹಿಂದೆಳೆದರು. ಮಂಡಿನೋವನ್ನೂ ಮರೆತು ಸೊಂಟದವರೆಗೆ ಬಗ್ಗಿದರು. ಕಾರ್ಡನ್ನು ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ತಲೆ ತಗ್ಗಿಸಿದರು.

"ಅಪ್ಪ, ನೀರು ಚೆಲ್ತು" ಎಂದಳು ಸುಮ.

"ಏ, ನಾನು ಕೈಮುಗಿದಿದ್ದು ಸರಸ್ವತಿಗೆ ಕಣಮ್ಮ. ಇವರಿಗಲ್ಲ."

"ಯಾರಿಗೆ ಅಂತ ನಿಯಮದಲ್ಲಿ ಇಲ್ಲ. ತಲೆ ಬಾಗಿಸಿದರೆ ಅಂತಷ್ಟೇ ಇದೆ."

"ಮತ್ತೆ ವಿದ್ಯೆ ತುಳ್ಕೊಂಡು ಸುಮ್ನೆ ಕೂತಿರ್ಬೇಕಿತ್ತಾ?"

"ಕಪ್ಪಾನೂ ಹಾಗೇ ಅಪ್ಪ. ನೀರು ಚೆಲ್ಲುತ್ತೆ ಅಂತ ಗೊತ್ತಿದ್ರೂ ಬಗ್ಗುತ್ತೆ."

ಮಾವನವರು ನಿಯಮದ ಚೀಟಿಯನ್ನು ಕೇಳಿ ತೆಗೆದುಕೊಂಡು ತಾವೇ ಒಮ್ಮೆ ಓದಿದರು. ಆಮೇಲೆ ತಮ್ಮ ಕಾರ್ಡುಗಳನ್ನು ಅಂಚಿಗೆ ಅಂಚು ಕೂಡಿಸಿ ಕೆಳಗಿಟ್ಟರು. ಉಳಿದ ಹನ್ನೆರಡು ಮೆಟ್ಟಿಲನ್ನು ನನ್ನ ಒಂಟಿಕಾಲಿನ ಕೊಡೆ ನಾಲ್ಕು ಸರದಿಯಲ್ಲಿ ಕುಪ್ಪಳಿಸಿ ಮುಗಿಸಿತು. ಓಡಲು ಬೇರೆ ಯಾರೂ ಇರಲಿಲ್ಲ, ನಿಜ. ಆದರೂ ಗುಡಿ ಮುಟ್ಟಿದಾಗ ನಾನು ಎದ್ದು ನಿಂತಿದ್ದೆ. ಅವತ್ತು ಬೇಡವೆನ್ನದೆ ಇನ್ನೆರಡು ಒಬ್ಬಟ್ಟು ಹಾಕಿಸಿಕೊಂಡೆ. ಸ್ಕೂಟರಿನಲ್ಲಿ ಜಕ್ಕೂರಿಗೆ ಮರಳುವಾಗ ಬಳ್ಳಾರಿ ರಸ್ತೆಯ ಲಾರಿಗಳೆಲ್ಲ ನನಗೇ ದಾರಿ ಬಿಡುತ್ತಿರುವಂತೆ ಕಂಡಿತು. "ನಿಧಾನ ಕಣ್ರೀ, ಗಾಳಿಗೆ ಕೊಡೆ ಹಾರಿಹೋದೀತು" ಎಂದಳು ಹಿಂದೆ ಕೂತಿದ್ದ ಗಿರಿಜ.

ಮಾವನವರು ಮಾತಿಗೆ ತಪ್ಪುವವರಲ್ಲ. ಮನೆಯ ವಿಷಯ ಮತ್ತೆ ಎತ್ತಲೇ ಇಲ್ಲ. ಮೇಲಿನ ಮಹಡಿಗೆ ಬೇರೆಯವರು ಬಂದರು. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಕಂಕುಳಲ್ಲಿ ಆಟದ ಡಬ್ಬಿ ಇಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. "ಒಂದೇ ಆಟ ಅಳಿಯಂದ್ರೇ." ಅದಾದ ಮೇಲೆ ಪ್ರತಿ ಭಾನುವಾರ, ಈಗ ಶನಿವಾರವೂ. ಈಗಲೂ ಕಪ್ಪಾನೇ ಬೇಕು. ಎರಡು ದಿನವೂ ಸಂಜೆಯವರೆಗೆ ಬಿಡುವುದಿಲ್ಲ. ಆ ಮಹಡಿಗೆ ಹೋಗಿದ್ದರೆ, ಸಾಕೆನಿಸಿದಾಗ "ಮೇಲೆ ಹೋಗಿ ಬರ್ತೀನಿ ಮಾವ" ಎಂದು ಎದ್ದು ಬಿಡಬಹುದಿತ್ತು. ಗೆದ್ದು ಉಳಿಸಿಕೊಂಡ ನನ್ನದೇ ಮನೆಯಿಂದ ನಾನು ಎದ್ದು ಹೋಗುವುದಾದರೂ ಎಲ್ಲಿಗೆ?