ಅತ್ತಿಯ ಪೊರಿ, ನನ್ನ ಬಂಡಿ

ನಿಜಾಮರ ಕಾಲದಾಗ ದವಾಖಾನೆಗೆ ಹೊಂಟವರು ಮನಿಮಂದಿನೆಲ್ಲ ಅಳಿಸಿ ಹೋಗ್ತಿದ್ದರು. ನನ್ನ ಬಂಡಿ ಹತ್ತಿದವರು ಮಾತ್ರ ನಕ್ಕೋತ ಇಳಿತಿದ್ದರು. ನಾ ಎಲ್ಲಿರ್ತೀನೋ ಅಲ್ಲಿ ಇಂಥವು ನಡಿಯೋವೇ. ನಮ್ಮ ಸೋದರತ್ತಿದೇ ಕೇಳ್ರಿ.

ಮಾತಾಡದ ಸೊಸಿ

ಕಮಲಾಪುರದಾಗ ಅತ್ತಿಯ ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಕಲಬುರಗಿ ದವಾಖಾನ್ಯಾಗ ತೆಗಿತಾರ, ನಡಿ ಅಂದ್ರ, "ನನಗೇನಾಗ್ಯಾದೋ? ಎಲ್ಲಾ ಕಾಣಸ್ತದ" ಅಂತಿದ್ದಳು. ಒಂದಿನ ಗ್ವಾಡಿ ಮ್ಯಾಲ ಒಣಗಲಿಕ್ಕೆ ಹಾಕಿದ್ದ ಹೊದಿಯೋ ಕೌದಿಯನ್ನ ಸೊಸಿ ಅಂದ್ಕೊಂಡು ಬೈಲಿಕ್ಕೆ ಸುರು ಮಾಡಿದಳು. ಆ ಬೈಗುಳಕ್ಕ ನನ್ನ ಎರಡೂ ಎತ್ತು ಹಗ್ಗ ಹರಕೊಂಡು ಹುಮನಾಬಾದಿನ ತನಕ ಓಡಿದವು. ಸೊಸಿ ಹಿತ್ತಲದಿಂದ ಬಂದು, "ಅತ್ತೀ, ನಾ ಇಲ್ಲಿದ್ದೀನ್ರಿ" ಅಂದಳು.

ಅತ್ತಿ ಕೌದಿ ಮುಟ್ಟಿ ನೋಡಿದಳು. "ನಿನಗಿಂತ ಇದೇ ಛಲೋ ಸೊಸಿ. ಒಂದು ಎದುರು ಮಾತಾಡಲಿಲ್ಲ."

ಸುರ್ಮಾದವ

ಕೌದಿ ಅತ್ತಿಯ ಹಟ ಮುರೀತು. ಮರುದಿನ ತಾನೇ ಬಂಡಿ ಹತ್ತಿದಳು. ಹಾದ್ಯಾಗ ಮಹಾಗಾಂವದಾಗ ಒಬ್ಬ ಕಣ್ಣಿಗೆ ಹಚ್ಚೋ ಸುರ್ಮಾ ಮಾರಾಂವ ಬಂಡಿ ತಡದ. "ದವಾಖಾನಿ ಚಾಕು ಯಾಕ್ರೀ? ನನ್ನ ಸುರ್ಮಾ ಹಚ್ಚಿದ್ರ ಹಗಲಾಗ ಆಕಾಶದಾಗಿನ ಚಿಕ್ಕಿ ಕಾಣಸ್ತಾವ." ಚಾಕು ಅಂದದ್ದೇ ತಡ, ಅತ್ತಿ ಅಂಜಿ ಸುರ್ಮಾಕ್ಕ ಮುಖ ಮುಂದ ಚಾಚಿದಳು. ಅಂವ ತಡಕಾಡಕೋತ ಬಂದು ನನ್ನ ಎತ್ತಿನ ಗದ್ದ ಹಿಡದು, "ಅವ್ವಾ, ಕಣ್ಣು ತೆರೀರಿ" ಅಂದ.

"ಅದು ಎತ್ತೋ ಮಾರಾಯಾ!" ಅಂತ ನಾ ಚೀರಿದೆ.

ಅತ್ತಿ ಮುಖ ಹಿಂದ ಸರಿಸಿದಳು. "ಲೇ, ಇವನ್ನೂ ಹತ್ತಿಸ್ಕೋ. ನನಗಿಂತ ಮೊದಲು ಇವನ ಪೊರಿ ತೆಗಸಬೇಕು."

ಅಂವ ಸುರ್ಮಾ ಡಬ್ಬಿ ಬಗಲಾಗ ಇಟಗೊಂಡು ಹತ್ತಿ ಕೂತ!

ಪಟ್ಟಿ ಬಿಚ್ಚಿದ ದಿನ

ಕಲಬುರಗಿ ದವಾಖಾನ್ಯಾಗ ಡಾಕ್ಟರ್ ಸಾಹೇಬರು ಅತ್ತಿಯ ಪೊರಿ ತೆಗೆದು, ಪಟ್ಟಿ ಕಟ್ಟಿ, ತಲಿಯ ಎರಡೂ ಕಡೆ ಉಸುಕಿನ ಚೀಲ ಇಟ್ಟರು. "ಅಲುಗಾಡಿದ್ರ ಕಣ್ಣು ಹೋದಂಗೇ. ಹುಷಾರ್!" ಅಂದರು. ಅತ್ತಿ ನನ್ನ ಕೈ ಗಟ್ಟಿ ಹಿಡದಳು.

ಅಂಜಿಕಿ ಮರೀಲಿ ಅಂತ, ಆಕಿಗೆ ನನ್ನ ಮುಖ ಕಾಣಿಸಿ ವರ್ಷಗಳೇ ಆಗ್ಯಾವಂತ, ನಾ ಈಗ ಹೆಂಗಿದ್ದೀನಿ ಅನ್ನೋದು ಇದ್ದದ್ದಿದ್ದಂಗ ಹೇಳ್ಕೋತ ಕೂತೆ. ಎದಿ ಕಲಬುರಗಿ ಕ್ವಾಟಿ ಬಾಗಲದಷ್ಟು ಅಗಲ. ಮೀಸಿಗೆ ಎತ್ತು ಕಟ್ಟಿದ್ರೂ ಹರಿಯಂಗಿಲ್ಲ. ನಾ ಹಾದು ಹೋದ್ರ ತಹಶೀಲದಾರರೇ ಎದ್ದು ನಿಂದರ್ತಾರ. ಅತ್ತಿ ಅಲುಗಾಡದೇ ಕೇಳಿದಳು. ಹಿಡದ ಕೈ ಸಡಲ ಬಿಟ್ಟಳು.

ಕೆಲವು ದಿನಕ್ಕ ಪಟ್ಟಿ ಬಿಚ್ಚಿ, ಅತ್ತಿಯ ಕಣ್ಣಿಗೆ ದಪ್ಪ ಚಸ್ಮಾ ಹಾಕಿ ಸಾಹೇಬರು, "ಅಮ್ಮಾ, ಕಾಣಸ್ತದೇನು?" ಅಂದರು.

ಅತ್ತಿ ನನ್ನ ಮ್ಯಾಲಿಂದ ಕೆಳಗ ನೋಡಿದಳು. ಆಕಿ ಮುಖ ಇಳೀತು.

"ಸಾಹೇಬ್ರೇ, ಕಣ್ಣು ಅರ್ಧಾನೇ ಬಂದಾವ್ರೀ. ಇವ ಹೇಳಿದ್ದರಾಗ ಕಾಲುಭಾಗನೂ ಕಾಣಸವಲ್ದು."

ಸಾಹೇಬರು ಗಾಬರಿಯಾಗಿ ಬಗ್ಗಿದರು. "ಮತ್ತ ಏನು ಕಾಣಸ್ತದ?"

"ತೊಗರಿ ಕಟಗಿಯಂಥಾ ಸಣಕಲ ಮನಷ್ಯಾ. ಮೂಗಿನ ಕೆಳಗ ಉದರಿ ಉಳಿದ ನಾಕು ಕೂದಲ."

ಸಾಹೇಬರು ತಿರುಗಿ ನನ್ನ ನೋಡಿದರು. ಆಮ್ಯಾಲ ದವಾಖಾನೆ ನಡಗೋಹಂಗ ಕೂಗಿದರು:

"ಮುಬಾರಕ್ ಅಮ್ಮಾ! ಕಣ್ಣು ಪೂರಾ ಬಂದಾವ!"