ಎರವಲು ಮುಖ

ಛತ್ರಿಯನ್ನು ಎರವಲು ತರಬಹುದು, ಏಣಿಯನ್ನು ತರಬಹುದು, ನೆಂಟರ ಮನೆಯಿಂದ ದೊಡ್ಡ ಪಾತೇಲಿಯನ್ನೂ ತರಬಹುದು. ಮುಖವನ್ನು ಮಾತ್ರ ತರಬಾರದು. ಇದು ನನಗೆ ತಿಳಿದದ್ದು ಐವತ್ತನೆಯ ವಯಸ್ಸಿನಲ್ಲಿ, ಔರಾದಿನ ನಮ್ಮ ಶಾಲೆಯ ಗ್ಯಾದರಿಂಗ್ ದಿನ, ಅಂದರೆ ವಾರ್ಷಿಕೋತ್ಸವದ ದಿನ. ಆ ಆಘಾತದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ, ಏನೂ ಸೇರಿಸದೆ ಹೇಳುತ್ತೇನೆ.

ನಾನು ವಿಜ್ಞಾನದ ಮೇಷ್ಟ್ರು. ಬೀದರಿನ ನೌಬಾದದಲ್ಲಿ ಮನೆ. ದಿನಾ ಬಸ್ಸಿನಲ್ಲಿ ಔರಾದಿಗೆ ಹೋಗಿ ಬರುತ್ತೇನೆ. ಈ ಸಲ ಮಕ್ಕಳ ನಾಟಕದಲ್ಲಿ ಬೇರೆ ಗ್ರಹದಿಂದ ಒಬ್ಬ ಬಂದು ಇಳಿಯುತ್ತಾನೆ. ಅವನ ಮುಖವಾಡ ನಾನೇ ಮಾಡುತ್ತೇನೆಂದು ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟೆ. ಮಾಡಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಬಚಾವಾಗುತ್ತಿದ್ದೆ. ಮೊದಲು ರಟ್ಟಿನಲ್ಲಿ ಮಾಡಿ, ಹಾಕಿಕೊಂಡು ಹೆಂಡತಿಯ ಮುಂದೆ ನಿಂತೆ. "ಟಪಾಲ ಡಬ್ಬಿ ಆಗೀರೇನ್ರಿ?" ಎಂದಳು. ಮುಖದ ಮೇಲೆ ಸರಿಯಾಗಿ ಕೂರಬೇಕಾದರೆ ನಿಜವಾದ ಮುಖದ ಅಚ್ಚೇ ಬೇಕು. ಮುರಿದ ಕೈಗೆ ಸುತ್ತುವ ಪ್ಲಾಸ್ಟರ್ ಪಟ್ಟಿಯಿಂದ ಅಚ್ಚು ತೆಗೆಯಬಹುದು ಎಂದು ಹೊಳೆಯಿತು. ಭಾಲ್ಕಿಯಲ್ಲಿರುವ ನನ್ನ ಸೋದರತ್ತೆ ರೂತಮ್ಮ ನಿವೃತ್ತ ನರ್ಸ್. ನನ್ನ ಮುಖಕ್ಕೆ ಪಟ್ಟಿ ಹಾಕಿಸಿಕೊಳ್ಳಲು ಅವರಲ್ಲಿಗೇ ಹೋದೆ.

"ಯಾರ ಮಾರಿ ಮಾಡ್ಲಾಕತ್ತೀಪಾ ಸಾಮ್ಯಾ?" ಎಂದು ಕೇಳಿದರು.

"ಪರಲೋಕದಿಂದ ಬಂದವಂದು, ಅತ್ತಿ."

ನಮ್ಮ ಕನ್ನಡ ಮೇಷ್ಟ್ರು ನಾಟಕಕ್ಕೆ ಇಟ್ಟಿದ್ದ ಹೆಸರು 'ಪರಲೋಕದ ಅತಿಥಿ'. ಬೇರೆ ಲೋಕ ಎಂದರೆ ಪರಲೋಕ, ತಪ್ಪೇನಿಲ್ಲ. ಆದರೆ ನಾವು ಮೆಥೋಡಿಸ್ಟರು. ಚರ್ಚಿನಲ್ಲಿ ನಾವು ಪರಲೋಕ ಅನ್ನುವುದು ದೇವರಿರುವ ಜಾಗಕ್ಕೆ. ಅಲ್ಲಿಂದ ಇಳಿದು ಬರುವವನು ದೇವದೂತ. ಪ್ರತಿ ಭಾನುವಾರ ಬಾಯಿತುಂಬ ಹೇಳುವ ಮಾತು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. ಅತ್ತೆ ಕನ್ನಡಕ ತೆಗೆದಿಟ್ಟು, "ನಿಂದು ಬ್ಯಾಡ. ನನ್ನ ಮಾರಿ ತಗೋ," ಎಂದರು.

ಯಾಕೆಂದು ಕೇಳಿದೆ.

"ಮೂವತ್ತು ವರ್ಷ ಈ ಊರಿನ ಹುಡುಗರಿಗಿ ಸೂಜಿ ಚುಚ್ಚೀನಿ. ಈಗೂ ನಾ ಓಣ್ಯಾಗ ಬಂದ್ರ 'ಸೂಜಿ ಆಯಿ ಬಂದ್ಳು' ಅಂತ ಓಡ್ತಾವ. ಒಂದ್ಸಲರ ನನ್ನ ಮಾರಿ ನೋಡಿ ಹುಡುಗರು ನಗಲಿ."

ಅವರ ಮುಖಕ್ಕೆ ವ್ಯಾಸಲೀನ್ ಸವರಿ, ಮೂಗಿನ ಹೊಳ್ಳೆ ಬಿಟ್ಟು, ಒದ್ದೆ ಪಟ್ಟಿಗಳನ್ನು ಒಂದೊಂದಾಗಿ ಹಚ್ಚಿದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅತ್ತೆ ಅಲುಗಾಡಲಿಲ್ಲ, ಕೈ ಜೋಡಿಸಿಕೊಂಡು ಇಪ್ಪತ್ತು ನಿಮಿಷ ಕೂತಿದ್ದರು. ಅಷ್ಟು ಹೊತ್ತು ಮಾತಿಲ್ಲದ ಅತ್ತೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮನೆಗೆ ಬಂದು ಅಚ್ಚಿನ ಮುಚ್ಚಿದ ರೆಪ್ಪೆಗಳನ್ನು ಬ್ಲೇಡಿನಿಂದ ಕೊರೆದೆ. ಹಣೆಯ ಮೇಲೆ ಟಾರ್ಚಿನ ಗಾಜು, ಬಲ್ಬಿನಿಂದ ಮೂರನೆಯ ಕಣ್ಣು. ಕೆನ್ನೆಗಳಿಂದ ಕತ್ತಿನವರೆಗೆ ಸಲಾಯಿನ್ ನಳಿಗೆ. ಮೇಲೆ ನಮ್ಮೂರಿನ ಬಿದರಿ ಹೂಜಿಯ ಹಾಗೆ ಕಡುಗಪ್ಪು ಬಣ್ಣ, ಅದರಲ್ಲಿ ಬೆಳ್ಳಿ ಗೆರೆ. ನೋಡಿದ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. ಗೆದ್ದೆ ಅಂದುಕೊಂಡೆ.

ಗ್ಯಾದರಿಂಗ್ ದಿನ ಮುಂದಿನ ಸಾಲಿನಲ್ಲಿ ಅತ್ತೆ ಕೂತಿದ್ದರು. ಗಂಜಿ ಹಾಕಿದ ಬಿಳಿ ಸೀರೆ, ಪಕ್ಕದಲ್ಲಿ ಚರ್ಚಿನ ಇಬ್ಬರು ಹೆಂಗಸರು.

"ಇಷ್ಟು ದೂರ ಯಾಕ ಬಂದ್ರಿ ಅತ್ತಿ?"

"ನನ್ನ ಮಾರಿ ದೇವದೂತ ಆಗೋದು ನೋಡಬಾರದೇನು? ರೆಕ್ಕಿ ಬಿಳೇವ ಮಾಡೀಯಿಲ್ಲೋ?"

ಪರಲೋಕ ಎಂದಾಗ ಅತ್ತೆ ಏನೆಂದು ತಿಳಿದುಕೊಂಡಿದ್ದರು ಎಂಬುದು ನನಗೆ ಹೊಳೆದದ್ದು ಆಗ. ಬಾಯಿ ತೆರೆದೆ, ಗಂಟೆ ಬಾರಿಸಿತು, ಪರದೆ ಸರಿಯಿತು. ಹೊಗೆಯ ನಡುವಿನಿಂದ ಒಂಬತ್ತನೆಯ ತರಗತಿಯ ಹುಡುಗಿ ನನ್ನ ಮುಖವಾಡ ತೊಟ್ಟು ಬಂದಳು. ಹಣೆಯ ಕಣ್ಣು ಹೊತ್ತಿಕೊಂಡಿತು. ಚಿಕ್ಕ ಮಕ್ಕಳು ಚೀರಿದರು. ಒಬ್ಬಳು ಹೆಡ್‌ಮಾಸ್ತರರ ತೊಡೆ ಏರಿ ಕೂತಳು. ನಾನು ರಂಗದ ಕಡೆ ನೋಡಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದೆ. ಅವರ ಬಾಯಿ ತೆರೆದಿತ್ತು.

"ರೂತಕ್ಕಾ, ಮೂಗು ನಿಮ್ದೇ ಅದ ನೋಡ್ರಿ!" ಎಂದು ಪಕ್ಕದ ಹೆಂಗಸು ಎಲ್ಲರಿಗೂ ಕೇಳುವಂತೆ ಹೇಳಿದಳು. ಮುಂದಿನ ಅರ್ಧ ಗಂಟೆಯ ಬಗ್ಗೆ ನಾನು ಏನನ್ನೂ ಖಚಿತವಾಗಿ ಹೇಳಲಾರೆ.

ನಾಟಕ ಮುಗಿದ ಮೇಲೆ ಅತ್ತೆ ನೇರವಾಗಿ ರಂಗದ ಹಿಂದೆ ಹೋಗಿ, ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಚೀರಿದ್ದ ಚಿಕ್ಕವರೇ ಒಬ್ಬೊಬ್ಬರಾಗಿ ಹತ್ತಿರ ಬಂದರು. ಹೆಡ್‌ಮಾಸ್ತರರ ತೊಡೆ ಏರಿದ್ದವಳು ಮುಖವಾಡದ ಮೂಗು ಮುಟ್ಟಿದಳು, ಅತ್ತೆಯ ಮೂಗು ನೋಡಿದಳು.

"ಆಯಿ, ಇದು ನಿಂದೇನು?"

"ನಂದೇ."

"ಮತ್ತ ನಿನ್ನ ಇನ್ನೊಂದು ಕಣ್ಣು ಎಲ್ಲಿ ಹೋತು?"

"ಮನ್ಯಾಗ ಇಟ್ಟು ಬಂದೀನವ್ವ, ಬಸ್ಸಿನ್ಯಾಗ ಕಳೀತದಂತ."

ಮಕ್ಕಳೆಲ್ಲ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

ಮಕ್ಕಳು ಚದುರಿದ ಮೇಲೆ ಕ್ಷಮೆ ಕೇಳಿದೆ.

"ಇರ್ಲಿ ಬಿಡು," ಎಂದರು. "ನಮ್ಮ ಚರ್ಚಿನ ಕ್ರಿಸ್‌ಮಸ್ ನಾಟಕಕ್ಕ ಸೈತಾನನ ಮಾರಿ ಬೇಕಾಗ್ಯದ. ನಾಳಿ ಬಂದು ಕೂಡು, ನಿಂದು ಅಚ್ಚು ತೆಗೀತೇನಿ."

ತಪ್ಪು ತೊಳೆದುಕೊಳ್ಳಲು ಇಷ್ಟು ಬೇಗ ದಾರಿ ಸಿಕ್ಕಿದ್ದಕ್ಕೆ ಹಿಗ್ಗಿ, "ಕೋಡು, ಕೋರೆಹಲ್ಲು, ಕೆಂಪು ಬಣ್ಣ ಎಲ್ಲಾ ನಾನೇ ತರ್ತೇನಿ ಅತ್ತಿ," ಎಂದೆ.

ಸೂಜಿ ಚುಚ್ಚುವ ಮುಂಚೆ ನರ ಹುಡುಕುವವರ ಹಾಗೆ, ಅತ್ತೆ ನನ್ನ ಮುಖವನ್ನು ಎಡಕ್ಕೆ ತಿರುಗಿಸಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು.

"ಏನೂ ತರಬ್ಯಾಡ," ಎಂದರು. "ಹಾಂಗೇ ನಡೀತದ."